ಎರಡು ದೋಣಿಯಲ್ಲಿ ಕಾಲಿಟ್ಟ ಲ್ಯಾಪ್‌ಟಾಪ್: ವೈರು–ವೈಫೈ ತಂಟೆ ಹುಡುಕುವ ಬಗೆ

‘ನೆಟ್ಟು ಹೋತು’ ಎಂದು ಯಾರಾದರೂ ಫೋನು ಮಾಡಿದರೆ ನಾನು ಮೊದಲು ಕೇಳುವುದು ಒಂದೇ: ಈಗ ಲ್ಯಾಪ್‌ಟಾಪ್ ಯಾವುದರ ಮೇಲೆ ನಡೀತಾ ಇದೆ, ವೈರಿನ ಮೇಲೋ ವೈಫೈ ಮೇಲೋ? ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ‘ಕೇಬಲ್ ಹಾಕಿದ್ದಿ, ಹಂಗಾರೆ ವೈರೇ ಆಗಿಕ್ಕು’ ಅನ್ನುತ್ತಾರೆ.

ನಗುವ ಹಾಗಿಲ್ಲ, ನಾನೂ ಅದೇ ಜಾತಿ. ಶಿರಸಿ ಕಡೆಯ ನಮ್ಮ ಹಳೇ ಮನೆಯಲ್ಲಿ ರೂಟರ್ ಇರುವುದು ಜಗಲಿಯಲ್ಲಿ, ನಾನು ಕೆಲಸಕ್ಕೆ ಕೂರುವುದು ಉಪ್ಪರಿಗೆಯಲ್ಲಿ. ನಡುವೆ ಎರಡು ಚಿರೆಕಲ್ಲಿನ ಗೋಡೆ. ಬೇಸಿಗೆಯಲ್ಲಿ ವೈಫೈ ಹೇಗೋ ಏರಿ ಬರುತ್ತದೆ, ಆಷಾಢದಲ್ಲಿ ಗೋಡೆ ನೀರು ಕುಡಿದ ಮೇಲೆ ಅದಕ್ಕೂ ಉಸಿರು ಕಟ್ಟುತ್ತದೆ. ಹಾಗಾಗಿ ಲ್ಯಾನ್ ಕೇಬಲ್ ಎಳೆದು, ದಾರಿಯಲ್ಲಿ ಐದು ಪೋರ್ಟಿನ ಒಂದು ಸ್ವಿಚ್ (ಒಂದು ಲ್ಯಾನ್ ಕೇಬಲನ್ನು ಹಲವಕ್ಕೆ ಕವಲೊಡೆಸುವ ಡಬ್ಬಿ) ಕೂರಿಸಿ, ‘ಇನ್ನು ನಂದು ವೈರು’ ಎಂದು ಹೆಮ್ಮೆಯಿಂದ ಇದ್ದೆ. ಮೂರು ತಿಂಗಳು ಕಳೆದ ಮೇಲೆ ಗೊತ್ತಾಯಿತು, ಅಷ್ಟೂ ದಿನ ನಡೆದದ್ದು ವೈಫೈ ಮೇಲೆ. ರೂಟರಿನಿಂದ ಸ್ವಿಚ್‌ಗೆ ಬರುವ ಪಿನ್ನಿನ (ಕೇಬಲ್ ತುದಿಯ ಪ್ಲಗ್ಗು) ಪ್ಲಾಸ್ಟಿಕ್ ನಾಲಿಗೆ ಮುರಿದು, ಕಸ ಗುಡಿಸುವಾಗ ಯಾವತ್ತೋ ಅದು ಕೂದಲೆಳೆಯಷ್ಟು ಹಿಂದೆ ಸರಿದಿತ್ತು. ಲ್ಯಾಪ್‌ಟಾಪಿನಿಂದ ಸ್ವಿಚ್‌ವರೆಗಿನ ತುಂಡು ಮಾತ್ರ ಗಟ್ಟಿಯಾಗಿತ್ತು, ದೀಪವೂ ಉರಿಯುತ್ತಿತ್ತು. ವೈರಿನಲ್ಲಿ ದಾರಿ ಸಿಗದ ಲ್ಯಾಪ್‌ಟಾಪ್ ಸದ್ದಿಲ್ಲದೆ ವೈಫೈ ಹಿಡಿದು ಹೊರಟಿತ್ತು. ವಿಡಿಯೊ ಕಾಲ್ ತಡವರಿಸಿದಾಗೆಲ್ಲ ನಾನು ಬೈದದ್ದು ಇಂಟರ್‌ನೆಟ್ ಕೊಡುವವರನ್ನು.

ಮೊದಲು ಒಂದು ದಾರಿ ಮುಚ್ಚಿ

ಹಾಗಾಗಿ ಪರೀಕ್ಷೆಯ ಮೊದಲ ನಿಯಮ ಇದು: ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ದೋಷ ಹುಡುಕಬೇಡಿ. ವೈಫೈ ಆಫ್ ಮಾಡಿ ಕೇಬಲ್ ಒಂದರಲ್ಲೇ ಒಂದು ಪುಟ ತೆರೆದು ನೋಡಿ. ಆಮೇಲೆ ಕೇಬಲ್ ಕಿತ್ತು, ವೈಫೈ ಒಂದರಲ್ಲೇ ನೋಡಿ. ಪುಟ ಮಾತ್ರ ಹಿಂದೆ ನೋಡಿರದ ಹೊಸದಾಗಿರಲಿ, ಇಲ್ಲದಿದ್ದರೆ ಬ್ರೌಸರ್ ಉಳಿಸಿಟ್ಟದ್ದನ್ನೇ ತೋರಿಸಿ ಮೋಸ ಮಾಡುತ್ತದೆ. ಎರಡರಲ್ಲೂ ಬಾರದಿದ್ದರೆ ತಂಟೆ ಲ್ಯಾಪ್‌ಟಾಪಿನ ಆಚೆ ಇರುವ ಸಂಭವವೇ ಹೆಚ್ಚು. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಮುಂದೆ ಓದಿ.

ಎರಡರಲ್ಲೂ ಬಾರದವರು ಜಗಲಿಗೆ ಹೋಗಿ ಫೈಬರ್ ಡಬ್ಬಿಯ ಮುಖ ನೋಡಿ. ‘ಲಾಸ್’ (ಎಲ್-ಒ-ಎಸ್) ಎಂಬ ದೀಪ ಕೆಂಪಗೆ ಮಿಣುಕುತ್ತಿದ್ದರೆ ಹೊರಗಿನ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಮಳೆಗಾಲದಲ್ಲಿ ಎಲ್ಲೋ ಮರದ ಟೊಂಗೆ ತಂತಿಯ ಮೇಲೆ ಬಿದ್ದಿರುತ್ತದೆ. ಅಂಥ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಸೆಟ್ಟಿಂಗ್ ಕೆದಕಿದರೆ ಇದ್ದದ್ದೂ ಕೆಡುತ್ತದೆ, ದೂರು ಕೊಟ್ಟು ಚಾ ಕುಡಿಯುತ್ತ ಕೂರುವುದೇ ಮೇಲು.

ಕರೆಂಟು ಹೋದಾಗಿನದು ಇನ್ನೊಂದು ಮಾಯೆ. ಒಳಗೂ ವೈಫೈ ಬರಲೆಂದು ಕೆಲವರು ಇಡುವ ಎರಡನೇ ರೂಟರ್ ಇನ್ವರ್ಟರ್ ಲೈನಿನಲ್ಲಿ, ಫೈಬರ್ ಡಬ್ಬಿ ಬರೀ ಕರೆಂಟಿನಲ್ಲಿ ಇದ್ದರೆ ಲ್ಯಾಪ್‌ಟಾಪಿನಲ್ಲಿ ವೈಫೈ ಗೆರೆಗಳು ತುಂಬಿಕೊಂಡೇ ಇರುತ್ತವೆ, ಒಂದು ಪುಟವೂ ತೆರೆಯುವುದಿಲ್ಲ. ಆ ಗೆರೆ ಹೇಳುವುದು ನಿಮ್ಮ ಕೋಣೆಯಿಂದ ರೂಟರಿನವರೆಗಿನ ಸುದ್ದಿ ಮಾತ್ರ.

ದೀಪ, ಆಮೇಲೆ ವಿಳಾಸ

ವೈರು ಮಾತ್ರ ಕೈಕೊಟ್ಟರೆ ಕೇಬಲ್ ಸಿಕ್ಕಿಸುವ ಜಾಗದಲ್ಲಿ ಸಣ್ಣ ದೀಪ ಉರಿಯುತ್ತದೆಯೇ ನೋಡಿ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ದೀಪವೇ ಇರುವುದಿಲ್ಲ, ಆಗ ರೂಟರಿನ ಬದಿಯದನ್ನು ನೋಡಿದರಾಯಿತು. ಉರಿಯದಿದ್ದರೆ ಬೇರೆ ಕೇಬಲ್, ಬೇರೆ ಪೋರ್ಟ್, ಬೇರೆ ಲ್ಯಾಪ್‌ಟಾಪ್ ಹೀಗೆ ಒಂದೊಂದನ್ನೇ ಬದಲಿಸಿ. ಒಂದೇ ಏಟಿಗೆ ಎರಡು ಬದಲಿಸಿದಿರೋ, ಸರಿಯಾದರೂ ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ.

ದೀಪ ಉರಿಯುತ್ತಿದ್ದರೆ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕ ಅಂಕೆಗಳ ಗುರುತು, ನೋಡುವ ಸರದಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂದು ಒಂದೇ ಪದವಾಗಿ ಟೈಪಿಸಿ ಎಂಟರ್ ಒತ್ತಿ. ಉದ್ದಕ್ಕೆ ಏನೇನೋ ಬರುತ್ತದೆ, ಹೆದರಬೇಡಿ. ಎಥರ್ನೆಟ್ ಎಂಬ ತಲೆಬರಹದ ಕೆಳಗಿನ ಐಪಿವಿ4 ವಿಳಾಸ, ಡಿಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಮನೆಯಲ್ಲಿ ರೂಟರಿನ ವಿಳಾಸ) ಎರಡು ಸಾಲು ಸಾಕು.

ವಿಳಾಸ 169.254ರಿಂದ ಶುರುವಾಗಿದ್ದರೆ ಲ್ಯಾಪ್‌ಟಾಪ್ ‘ನನಗೊಂದು ವಿಳಾಸ ಕೊಡಿ’ ಎಂದು ಕೂಗಿದೆ, ಯಾರೂ ಓಗೊಟ್ಟಿಲ್ಲ, ಕೊನೆಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಿರಿ. ಸಾಮಾನ್ಯವಾಗಿ ಓಗೊಡಬೇಕಾದದ್ದು ರೂಟರ್. ನನ್ನ ಮುರಿದ ನಾಲಿಗೆಯ ಪಿನ್ನು ಸಿಕ್ಕಿದ್ದು ಹೀಗೇ: ಎಥರ್ನೆಟ್ ಕೆಳಗೆ 169.254, ಗೇಟ್‌ವೇ ಸಾಲು ಖಾಲಿ, ಕೆಳಗೆ ವೈಫೈಗೆ ಮಾತ್ರ ಸರಿಯಾದ 192.168. ಗೇಟ್‌ವೇ ಇಲ್ಲದ ವೈರಿನಲ್ಲಿ ಇಂಟರ್‌ನೆಟ್ ಹೋಗುವುದೆಲ್ಲಿಂದ?

ವಿಳಾಸ ಸರಿಯಾದದ್ದೇ ಕಂಡರೂ ನೆಟ್ಟು ಬಾರದಿದ್ದರೆ, ಹಿಂದೆ ಯಾರಾದರೂ ಕೈಯಾರೆ ವಿಳಾಸ ಬರೆದಿಟ್ಟಿದ್ದಾರೆಯೇ ನೋಡಿ. ಹಳೇ ಆಫೀಸಿನಲ್ಲಿ ಸೆಟ್ ಮಾಡಿಕೊಟ್ಟ ಲ್ಯಾಪ್‌ಟಾಪು ಮನೆಗೆ ಬಂದಾಗ ಇದು ಮಾಮೂಲು. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಎನ್-ಸಿ-ಪಿ-ಎ ಡಾಟ್ ಸಿ-ಪಿ-ಎಲ್ ಎಂದು ಟೈಪಿಸಿದರೆ ಅಡಾಪ್ಟರುಗಳ ಪಟ್ಟಿ ಬರುತ್ತದೆ. ಎಥರ್ನೆಟ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಅದರೊಳಗೆ ಇಂಟರ್‌ನೆಟ್ ಪ್ರೋಟೋಕಾಲ್ ವರ್ಶನ್ 4. ವಿಳಾಸವನ್ನೂ ಪುಟದ ಹೆಸರಿಗೆ ಅಂಕೆಯ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅನ್ನೂ ಎರಡನ್ನೂ ಆಟೋಮ್ಯಾಟಿಕ್‌ಗೆ ತನ್ನಿ. ಈ ಸೆಟ್ಟಿಂಗ್ ವೈರಿಗೆ ಬೇರೆ, ವೈಫೈಗೆ ಬೇರೆ. ಹಾಗಾಗಿಯೇ ಒಂದು ಸರಿಯಿದ್ದು ಇನ್ನೊಂದು ಕೆಟ್ಟಿರುತ್ತದೆ.

ಇಷ್ಟಾಗಿಯೂ ಗೊತ್ತಾಗದಿದ್ದರೆ ಪಿಂಗ್ ಇದೆ: ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಎಂದು ಬರೆದು ವಿಳಾಸ ಕೊಟ್ಟರೆ ಆ ಕಡೆಯವರು ಓಗೊಡುತ್ತಾರೆಯೇ ಎಂದು ತಿಳಿಯುತ್ತದೆ. ಮೊದಲು ಗೇಟ್‌ವೇ ವಿಳಾಸಕ್ಕೆ, ಆಮೇಲೆ ಹೊರಗಿರುವ ಗೂಗಲ್‌ನ 8.8.8.8ಕ್ಕೆ. ಮೊದಲನೆಯದೇ ಉತ್ತರಿಸದಿದ್ದರೆ ತಂಟೆ ಮನೆಯೊಳಗೆ. ಅದು ಉತ್ತರಿಸಿ ಎರಡನೆಯದು ಸುಮ್ಮನಿದ್ದರೆ ರೂಟರಿನಿಂದ ಆಚೆ. ಎರಡೂ ಉತ್ತರಿಸಿ ಪುಟ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ ಗುಮಾನಿ ಇಡಿ.

ವೈರು ಇದೆ, ವೇಗ ಇಲ್ಲ

ವೈರು ಹಾಕಿದರೆ ವೈಫೈಗಿಂತ ನಿಧಾನ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ಆಗುತ್ತದೆ. ಅದೇ ಅಡಾಪ್ಟರ್ ಪಟ್ಟಿಯಲ್ಲಿ ಎಥರ್ನೆಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸ್ಪೀಡ್ ಎಂಬ ಸಾಲು ಕಾಣುತ್ತದೆ. 1.0 ಜಿಬಿಪಿಎಸ್ (ಗಿಗಾಬಿಟ್, ಅಂದರೆ 1000 ಎಂಬಿಪಿಎಸ್) ಇರಬೇಕಾದ ಕಡೆ 100 ಎಂಬಿಪಿಎಸ್ ಎಂದಿದ್ದರೆ ಕೇಬಲ್ ನೋಡಿ. ರೂಟರಿನ ಪೋರ್ಟೇ 100ರದ್ದಾಗಿದ್ದರೆ ಮಾತ್ರ ಕೇಬಲ್‌ನ ತಪ್ಪಿಲ್ಲ, ಅಗ್ಗದ ರೂಟರುಗಳಲ್ಲಿ ಈಗಲೂ ಅಂಥವು ಬರುತ್ತವೆ.

ಕೇಬಲ್ ಒಳಗೆ ಎಂಟು ಎಳೆ, ನಾಲ್ಕು ಜೋಡಿ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. 100ರ ವೇಗಕ್ಕೆ, ಪಿನ್ನಿನೊಳಗಿನ ಎಂಟು ಲೋಹದ ಹಲ್ಲುಗಳಲ್ಲಿ 1, 2, 3, 6ನೇ ಹಲ್ಲಿನ ಎರಡೇ ಜೋಡಿ ಸಾಕು. ಹಾಗಾಗಿ ನೀಲಿ ಜೋಡಿಯಲ್ಲೋ ಕಂದು ಜೋಡಿಯಲ್ಲೋ ಒಂದು ಎಳೆ ಕೈಬಿಟ್ಟರೂ ಸಂಪರ್ಕ ಕಡಿಯುವುದಿಲ್ಲ, 100ಕ್ಕೆ ಇಳಿದು ಕುಂಟುತ್ತ ನಡೆಯುತ್ತದೆ. ದೀಪ ಉರಿಯುತ್ತದೆ, ವಿಳಾಸ ಸರಿ ಇರುತ್ತದೆ, ಯಾವ ದೂರೂ ಇಲ್ಲ. ಪೂರ್ತಿ ಕೆಟ್ಟ ಕೇಬಲ್ಲಿಗಿಂತ ಅರೆ ಕೆಟ್ಟದ್ದು ಹೆಚ್ಚು ಕಾಡುತ್ತದೆ.

ನಮ್ಮನೆಯ ಕೇಬಲ್ ಎರಡನೇ ಮಳೆಗಾಲಕ್ಕೆ ಹೀಗಾಯಿತು. ಬಚ್ಚಲ ಮನೆಯ ಗೋಡೆಯ ಪಕ್ಕದ ಪಿನ್ನನ್ನು ಕಿತ್ತು ಬ್ಯಾಟರಿ ಬೆಳಕಿನಲ್ಲಿ ನೋಡಿದರೆ, ಕೊನೆಯ ಎರಡು ಹಲ್ಲಿನ ಬುಡದಲ್ಲಿ ಹಸಿರು ಕಿಲುಬು, ಹಳೇ ತಾಮ್ರದ ಹಂಡೆಯಲ್ಲಿ ಕೂರುವಂಥದ್ದೇ. ಕಂದು ಜೋಡಿ. ಪಿನ್ನು ಕತ್ತರಿಸಿ, ಹೊರ ಸಿಪ್ಪೆ ಒಂದಿಷ್ಟು ಸುಲಿದು, ತಾಮ್ರ ಕೆಂಪಗೆ ಹೊಳೆಯುವವರೆಗೂ ಹಿಂದೆ ಹೋಗಿ ಹೊಸ ಪಿನ್ನನ್ನು ಇಕ್ಕಳದಲ್ಲಿ ಒತ್ತಿ ಕ್ರಿಂಪ್ ಮಾಡಿದೆ. ಎಳೆಗಳ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಹಸಿರಿನ ಜೋಡಿ ನೀಲಿಯನ್ನು ನಡುವೆ ಬಿಟ್ಟು ಅತ್ತಿತ್ತ ಕೂರುತ್ತದೆ, ಹೊಸಬರು ತಪ್ಪುವುದು ಅಲ್ಲೇ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕೂಡಲೇ 1.0 ಜಿಬಿಪಿಎಸ್ ಬಂತು.

ಕೇಬಲ್ ಕೊಳ್ಳುವಾಗ ಒಂದು ಮಾತು. ಕಡಿಮೆ ಬೆಲೆಯ ಎಷ್ಟೋ ಕ್ಯಾಟ್-6 ಕೇಬಲ್ಲುಗಳ ಒಳಗಿರುವುದು ಅಲ್ಯೂಮಿನಿಯಂ ಎಳೆ, ಮೇಲೆ ತಾಮ್ರದ ಲೇಪ. ಉಗುರಿನಿಂದ ಕೆರೆದರೆ ತಿಳಿಯುವುದಿಲ್ಲ, ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಅಟ್ಟದ ಮೇಲೆ ಇಲಿಗೆ ಯಾವುದಾದರೂ ಒಂದೇ ಅನ್ನಿ. ಉದ್ದ 100 ಮೀಟರ್ ಮೀರದಿರಲಿ.

ಎರಡು ಡಬ್ಬಿಯ ಮನೆ

ಸಿದ್ದಾಪುರ ಕಡೆಯ ಭಾವ ಮನೆಯಲ್ಲೇ ಲೆಕ್ಕಪತ್ರದ ಕೆಲಸ ಮಾಡುತ್ತಾನೆ. ಒಂದು ಸಂಜೆ ಫೋನು:

‘ಭಾವಾ, ವೈಫೈ ಬಂದ್ ಮಾಡಿ ವೈರು ಹಾಕಿರೆ ನೆಟ್ಟು ಜೋರು ಬತ್ತು, ಪ್ರಿಂಟು ಬತ್ತಿಲ್ಲೆ. ವೈಫೈ ಹಾಕಿರೆ ಪ್ರಿಂಟು ಬತ್ತು. ಎಂತದು ಇದು ಮಾರಾಯಾ?’

ಪ್ರಿಂಟರ್ ಡ್ರೈವರನ್ನು ಎರಡು ಸಲ ತೆಗೆದು ಹಾಕಿ ಆಗಿತ್ತಂತೆ. ಎರಡೂ ಸಲದ ವಿಳಾಸ ಓದಿಸಿದೆ. ವೈರಿನಲ್ಲಿ 192.168.1.7, ವೈಫೈನಲ್ಲಿ 192.168.0.12. ಚುಕ್ಕಿಗಳ ನಡುವಿನ ಮೂರನೇ ಸಂಖ್ಯೆ ನೋಡಿ, ಅಲ್ಲೇ ಉತ್ತರ ಇದೆ. ಅವನ ಮನೆಯಲ್ಲಿ ಇರುವುದು ಒಂದು ನೆಟ್‌ವರ್ಕ್ ಅಲ್ಲ, ಎರಡು. ಜಗಲಿಯ ಫೈಬರ್ ಡಬ್ಬಿ 1ರ ಕೇರಿ ನಡೆಸುತ್ತಿತ್ತು. ಒಳಗೆ ವೈಫೈ ಬರುವುದಿಲ್ಲವೆಂದು ತಂದ ಇನ್ನೊಂದು ರೂಟರ್ ಅದರ ಬೆನ್ನಿಗೆ ಕೂತು 0 ಎಂಬ ಬೇರೆ ಕೇರಿ ಕಟ್ಟಿತ್ತು. ಪ್ರಿಂಟರ್ ಇದ್ದದ್ದು ಒಳಗಿನ ಕೇರಿಯಲ್ಲಿ. ಒಳಗಿನವರು ಹೊರಗಿನವರನ್ನು ಮಾತಾಡಿಸಬಹುದು, ಹೊರಗಿನವರಿಗೆ ಒಳಗಿನವರು ಕಾಣರು. ವೈರು ಹಾಕಿದಾಗ ಭಾವ ಹೊರಗಿನವನು.

ತಕ್ಷಣದ ಮದ್ದು: ವೈರನ್ನು ಫೈಬರ್ ಡಬ್ಬಿಯಿಂದ ಕಿತ್ತು ಒಳಗಿನ ರೂಟರಿನ ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳ ಪೋರ್ಟು) ಹಾಕಿದರೆ ಮುಗಿಯಿತು. ಭಾವನ ಮನೆಯಲ್ಲಿ ಕೇಬಲ್ ಅಷ್ಟು ಉದ್ದ ಇರಲಿಲ್ಲ, ಹಾಗಾಗಿ ಎರಡು ಕೇರಿಯನ್ನು ಒಂದು ಮಾಡಿದೆವು. ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬೇರೆ ಕೇರಿ ಕಟ್ಟದೆ ಬರೀ ವೈಫೈ ಹಂಚುವುದು) ಎಂಬ ಆಯ್ಕೆ ಇದ್ದರೆ ಅದೊಂದನ್ನು ಒತ್ತಿದರೆ ಸಾಕು. ಅವನದರಲ್ಲಿ ಇರಲಿಲ್ಲ. ಮೊದಲು ಒಳಗಿನ ರೂಟರಿನ ವಿಳಾಸವನ್ನು 192.168.1.2 ಮಾಡಿದೆ, ಫೈಬರ್ ಡಬ್ಬಿ ಆ ವಿಳಾಸವನ್ನು ಬೇರೆಯವರಿಗೆ ಹಂಚುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ. ಆಮೇಲೆ ಅದರ ವಿಳಾಸ ಹಂಚುವ ಕೆಲಸ, ಅಂದರೆ ಡಿಎಚ್‌ಸಿಪಿ ಬಂದ್. ಕೊನೆಗೆ, ಹೊರಗಿನ ನೆಟ್ಟು ಒಳಬರುವ ವ್ಯಾನ್ ಪೋರ್ಟಿನಲ್ಲಿದ್ದ ಕೇಬಲ್ ಲ್ಯಾನ್ ಪೋರ್ಟಿಗೆ. ಈ ಸಾಲು ತಪ್ಪಿಸಬೇಡಿ. ಡಿಎಚ್‌ಸಿಪಿ ಬಂದ್ ಮಾಡುವ ಮೊದಲೇ ಕೇಬಲ್ ಸರಿಸಿದರೆ ಒಂದೇ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಾಗುತ್ತಾರೆ.

ಎಲ್ಲ ಆಗಿ ಪ್ರಿಂಟ್ ಕೊಟ್ಟರೆ ಆಗಲೂ ಬರಲಿಲ್ಲ! ಅಕ್ಕ ಅಡಿಗೆಮನೆಯಿಂದ ‘ಇನ್ನೂ ಆಜಿಲ್ಯ?’ ಎಂದು ಕೂಗುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿಸಿದ ಮೇಲೆ ಅದು ಹೊಸ ಕೇರಿಯ ವಿಳಾಸ ತೆಗೆದುಕೊಂಡಿತು, ವಿಂಡೋಸ್ ಮಾತ್ರ ಹಳೇ 192.168.0 ವಿಳಾಸಕ್ಕೇ ಕಾಗದ ಕಳಿಸುತ್ತ ಕೂತಿತ್ತು. ಪ್ರಿಂಟರನ್ನು ಪಟ್ಟಿಯಿಂದ ತೆಗೆದು ಹೊಸದಾಗಿ ಸೇರಿಸಿ, ಫೈಬರ್ ಡಬ್ಬಿಯಲ್ಲಿ ಅದಕ್ಕೊಂದು ಕಾಯಂ ವಿಳಾಸ ಮೀಸಲಿಟ್ಟ ಮೇಲೆ ಕೆಲಸ ಪೂರೈಸಿತು.

ಇದಕ್ಕಿಂತ ಕೆಟ್ಟದ್ದೆಂದರೆ ಎರಡೂ ಡಬ್ಬಿ 192.168.1ರಲ್ಲೇ ಇದ್ದು, ಎರಡೂ ‘ನಾನೇ 192.168.1.1’ ಅನ್ನುವುದು. ವೈರು, ವೈಫೈ ಎರಡನ್ನೂ ಹಿಡಿದ ಲ್ಯಾಪ್‌ಟಾಪಿಗೆ ಒಂದೇ ಹೆಸರಿನ ಇಬ್ಬರು ಯಜಮಾನರು. ಒಂದರ ವಿಳಾಸ ಬದಲಿಸದೆ ಬೇರೆ ಗತಿಯಿಲ್ಲ.

ಒಂದೇ ಡಬ್ಬಿಯ ಮನೆಯಲ್ಲೂ ವೈರಿನಲ್ಲಿ ಪ್ರಿಂಟರೋ ಹಂಚಿದ ಫೋಲ್ಡರೋ ಕಾಣದಿದ್ದರೆ, ವಿಂಡೋಸ್ ಆ ವೈರನ್ನು ಪಬ್ಲಿಕ್ (ಅಪರಿಚಿತರ ಜಾಗ) ಎಂದು ಗುರುತಿಸಿದೆಯೇ ನೋಡಿ. ವೈಫೈಯನ್ನು ನೀವು ಎಂದೋ ಪ್ರೈವೇಟ್ ಮಾಡಿರುತ್ತೀರಿ, ವೈರು ಅದಕ್ಕೆ ಹೊಸ ಊರು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ಎಥರ್ನೆಟ್ ತೆರೆದು ಪ್ರೈವೇಟ್ ಮಾಡಿ. ಮನೆಯಲ್ಲಿ ಮಾತ್ರ, ಲಾಡ್ಜಿನಲ್ಲಿ ಅಲ್ಲ.

ಕೇಬಲ್ ಹಾಕಿದರೆ ವೈಫೈ ಸಾಯುವುದು

ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನಿಂದಲೇ ಮಾಡುವ ಅಣ್ಣನ ಮಗಳದ್ದು ಈ ದೂರು. ಅವಳ ಲ್ಯಾಪ್‌ಟಾಪಿನಲ್ಲಿ ಕೇಬಲ್ ಸಿಕ್ಕಿಸಿದ ಕೂಡಲೇ ವೈಫೈ ಕಾಣೆಯಾಗುತ್ತದೆ, ಆನ್ ಮಾಡಿದರೂ ನಿಲ್ಲುವುದಿಲ್ಲ. ಇದು ದೋಷವಲ್ಲ, ಉದ್ದೇಶ. ಕಚೇರಿಗೆಂದು ಮಾಡಿದ ಎಷ್ಟೋ ಲ್ಯಾಪ್‌ಟಾಪುಗಳ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಮೂಲ ಸೆಟ್ಟಿಂಗ್) ವೈರು ಸಿಕ್ಕಿದರೆ ವೈಫೈ ರೇಡಿಯೊ ನಿಲ್ಲಿಸುವ ಆಯ್ಕೆ ಇರುತ್ತದೆ. ಕಂಪನಿಯವರು ವಿಂಡೋಸ್ ಪಾಲಿಸಿಯಿಂದಲೂ ಹೀಗೆ ಮಾಡಿಸುತ್ತಾರೆ. ಒಳ್ಳೆಯದೇ, ಆದರೆ ಅದು ನೋಡುವುದು ಕೇಬಲ್‌ನ ದೀಪವನ್ನು, ಇಂಟರ್‌ನೆಟ್ಟನ್ನಲ್ಲ. ಕರೆಂಟು ಹೋಗಿ ವೈರಿನ ಕಡೆಯ ರೂಟರ್ ಸತ್ತರೂ ಇನ್ವರ್ಟರಿನಲ್ಲಿರುವ ಸಣ್ಣ ಸ್ವಿಚ್ ಬದುಕಿದ್ದರೆ ವೈರು ಜೀವಂತ ಎಂದೇ ತಿಳಿದು ವೈಫೈ ಬರಲು ಬಿಡುವುದಿಲ್ಲ. ಕೇಬಲ್ ಕಿತ್ತು ಹತ್ತು ಎಣಿಸಿ, ವೈಫೈ ಬರುತ್ತದೆ. ಕಾಯಂ ಬದಲಾವಣೆ ಬೇಕಿದ್ದರೆ ಕಂಪನಿಯ ಐಟಿಯವರನ್ನು ಕೇಳಿ, ನೀವಾಗಿ ಬಯೋಸ್ ಮುಟ್ಟಬೇಡಿ.

ಮೀಟಿಂಗ್ ನಡುವೆ ಕೇಬಲ್ ಕಿತ್ತರೆ ಕಾಲ್ ಒಂದು ಕ್ಷಣ ನಿಲ್ಲುವುದು, ಕಂಪನಿಯ ಜಾಲಕ್ಕೆ ಸೇರಿಸುವ ವಿಪಿಎನ್ ಕಡಿಯುವುದು ಸಹಜ. ವೈರಿಗೆ ಒಂದು ವಿಳಾಸ, ವೈಫೈಗೆ ಇನ್ನೊಂದು. ಹಳೇ ವಿಳಾಸದಲ್ಲಿ ಶುರುವಾದ ಮಾತು ಹೊಸದರಲ್ಲಿ ಮುಂದುವರಿಯದು.

ಎರಡೂ ಇದ್ದಾಗ ಯಾವುದು ಮೊದಲು

ಪ್ರತಿ ದಾರಿಗೂ ಲ್ಯಾಪ್‌ಟಾಪ್ ಮೆಟ್ರಿಕ್ ಎಂಬ ಅಂಕೆ ಇಟ್ಟಿರುತ್ತದೆ, ಕಡಿಮೆ ಅಂಕೆಯದು ಗೆಲ್ಲುತ್ತದೆ. ವಿಂಡೋಸ್ 10, 11ರಲ್ಲಿ ಗಿಗಾಬಿಟ್ ವೈರಿಗೆ ತಾನಾಗಿ ಬರುವ ಅಂಕೆ 25. ವೈರಿನ ವೇಗ ಇಳಿದರೆ ಅಂಕೆ ಏರುತ್ತದೆ, ಆಗ ಚುರುಕಾದ ವೈಫೈ ಮುಂದೆ ಬರಬಹುದು. ಕಿಲುಬು ಹಿಡಿದ ಕೇಬಲ್ ಇಲ್ಲೂ ಆಟ ಆಡುತ್ತದೆ. ಲಿನಕ್ಸ್‌ನ ನೆಟ್‌ವರ್ಕ್ ಮ್ಯಾನೇಜರ್ ವೈರಿಗೆ 100, ವೈಫೈಗೆ 600 ಕೊಡುತ್ತದೆ. ಮ್ಯಾಕ್‌ನಲ್ಲಿ ಸರ್ವಿಸ್ ಆರ್ಡರ್ ಎಂಬ ಪಟ್ಟಿಯಲ್ಲಿ ಮೇಲಿರುವುದು ಮೊದಲು.

ವಿಂಡೋಸ್‌ನಲ್ಲಿ ಕೈಯಾರೆ ಬದಲಿಸಲು ವರ್ಶನ್ 4ರ ಅದೇ ಕಿಟಕಿಯಲ್ಲಿ ಅಡ್ವಾನ್ಸ್ಡ್ ಒತ್ತಿ, ಆಟೋಮ್ಯಾಟಿಕ್ ಮೆಟ್ರಿಕ್ ತೆಗೆದು ವೈರಿಗೆ 10, ವೈಫೈಗೆ 50 ಬರೆಯಿರಿ. ವರ್ಶನ್ 6ಕ್ಕೂ ಪ್ರತ್ಯೇಕವಾಗಿ ಬರೆಯಬೇಕು. ಅದನ್ನು ಮರೆತು, ಅರ್ಧ ಪುಟಗಳು ವೈರಿನಲ್ಲಿ, ಅರ್ಧ ವೈಫೈನಲ್ಲಿ ಹೋಗುವುದನ್ನು ನೋಡಿ ತಲೆ ಕೆಡಿಸಿಕೊಂಡವರಿದ್ದಾರೆ. ಆದರೆ ಕೇಬಲ್ ಸರಿಯಿದ್ದರೆ ಈ ಅಂಕೆ ಮುಟ್ಟುವ ಅಗತ್ಯ ಬೀಳುವುದು ಅಪರೂಪ.

ಗುಡುಗಿನ ಮರುದಿನ

ಫೈಬರ್ ಗಾಜಿನ ಎಳೆ, ಸಿಡಿಲಿನ ಕರೆಂಟು ಅದರಲ್ಲಿ ಹರಿಯುವುದಿಲ್ಲ. ಆದರೆ ಮನೆಯಿಂದ ಕೊಟ್ಟಿಗೆಗೋ ಅಡಿಕೆ ಗೋದಾಮಿಗೋ ಅಂಗಳದ ಮೇಲೆ ಎಳೆದ ಲ್ಯಾನ್ ಕೇಬಲ್ ತಾಮ್ರ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಸಾಕು, ಪೋರ್ಟ್ ಸುಡುತ್ತದೆ. ಎರಡು ಕಟ್ಟಡದ ನಡುವೆ ಫೈಬರನ್ನೇ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್ಲಿಗೆ ಹೊಂದಿಸುವ ಡಬ್ಬಿ) ಇಡಿ. ಅಲ್ಲಿಯವರೆಗೆ ಗುಡುಗು ಶುರುವಾಗುವ ಮೊದಲೇ ಪಿನ್ನು ಕೀಳಿ, ಪವರ್ ಅಡಾಪ್ಟರನ್ನೂ.

ಕೀಳುವುದು ಎಲ್ಲರಿಗೂ ಬರುತ್ತದೆ, ತೊಂದರೆ ಮರಳಿ ಹಾಕುವಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ನನಗೆ ಬರುವ ಫೋನುಗಳಲ್ಲಿ ‘ನಿನ್ನೆವರೆಗೆ ಸರಿ ಇತ್ತು, ಇವತ್ತು ಒಂದ್ಸಲ ಬತ್ತು, ಒಂದ್ಸಲ ಬತ್ತಿಲ್ಲೆ’ ಎನ್ನುವುದೇ ಹೆಚ್ಚು. ಕತ್ತಲೆಯಲ್ಲಿ ಯಾರೋ ಎರಡನೇ ರೂಟರಿನ ವ್ಯಾನ್ ಕೇಬಲನ್ನು ಲ್ಯಾನ್‌ಗೆ ಚುಚ್ಚಿರುತ್ತಾರೆ, ವಿಳಾಸ ಹಂಚುವವರು ಇಬ್ಬರಾಗಿರುತ್ತಾರೆ. ಯಾರು ಮೊದಲು ಉತ್ತರಿಸಿದರೋ ಅವರ ಗೇಟ್‌ವೇ ಲ್ಯಾಪ್‌ಟಾಪಿನ ಪಾಲಿಗೆ. ನಮ್ಮನೆಯಲ್ಲಿ ಅಡಿಕೆ ಚೀಲಕ್ಕೆ ಗುರುತು ಹಾಕುವ ಕೆಂಪು ಬಣ್ಣದಿಂದ ಪಿನ್ನಿಗೊಂದು, ಅದು ಹೋಗಬೇಕಾದ ಪೋರ್ಟಿಗೊಂದು ಬೊಟ್ಟು ಇಟ್ಟಿದ್ದೇನೆ. ಈಗ ಆಯಿಯೇ ಕಿತ್ತು ಆಯಿಯೇ ಹಾಕುತ್ತಾಳೆ.